ಹಿಮ್ಮುಖವಾಗಿ ನಡೆಯುವ ಗೈಡ್

ಅಕ್ಕಾ,

‘ಹಳೆಯ ಕೋಟೆಯಲ್ಲಿ ಯಾರೂ ಒಂಟಿಯಾಗಿ ನಡೆಯುವುದಿಲ್ಲ’ ಎಂದೇನೋ ಒಂದು ಸಾಲು ಅರೆಬರೆ ನೆನಪಿದೆ. ಬರೆದವರು ಕೋಟೆ ಹತ್ತಿ ಬರೆದರೋ, ಮನೆಯಲ್ಲೇ ಕೂತು ಬರೆದರೋ? ನಮ್ಮ ಗೆಳತಿಯರ ಪ್ರವಾಸಕ್ಕೆ ತಾನೂ ಬರುತ್ತೇನೆಂದು ಅಮ್ಮ ಹಟ ಹಿಡಿದಿದ್ದಾಳಲ್ಲ, ಅವಳಿಂದ ಆದೀತೇ ಎಂದು ತಿಳಿಯಲು ಇವತ್ತು ಗೈಡ್ ಜೊತೆ ಇಡೀ ದಾರಿ ನಡೆದು ನೋಡಿದೆ.

ಹಿಂದುಳಿದವರು ಕಣ್ಣಿಗೆ ಬೀಳಲೆಂದು ಅವನು ನಮ್ಮತ್ತ ಮುಖ ಮಾಡಿ ಹಿಮ್ಮುಖವಾಗಿಯೇ ನಡೆಯುತ್ತಾನೆ. ಇದ್ದವಳು ನಾನೊಬ್ಬಳೇ. ಆದರೂ ತಿರುವು ಬಂದಾಗಲೆಲ್ಲ ನಿಂತು, ನನ್ನ ಹೆಗಲಾಚೆ ನೋಡುತ್ತಾ, “ಅವಸರ ಇಲ್ಲ, ನಿಧಾನಕ್ಕೆ ಬನ್ನಿ” ಎನ್ನುತ್ತಿದ್ದ. ನಾನು ದಾಟಿದ ಮೇಲೂ ಕಿರುಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ.

“ಯಾರಿಗಪ್ಪಾ ಹೇಳ್ತಿದೀಯ, ಗೋಡೆಗಾ?” ಎಂದು ನಕ್ಕೆ.

“ಸ್ವಲ್ಪ ತಡೀರಿ ಮೇಡಂ, ಪಾಪ, ಅವರಿಗೆ ಏದುಸಿರು ಬರ್ತಿದೆ.”

ತಿರುಗಿ ನೋಡಿದೆ. ಬರೀ ಮೆಟ್ಟಿಲು.

ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಫೋನ್ ಹತ್ತುತ್ತಿಲ್ಲ. ಅಮ್ಮ ನಿನ್ನ ಮನೆಯಲ್ಲಿ ಹೇಗಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳಾ? ಕಾರ್ಡು ಸಿಕ್ಕ ಕೂಡಲೇ ಕೋಟೆಯ ಕೆಳಗೆ ನಾನು ಇಳಿದುಕೊಂಡಿರುವ ಈ ಮನೆಯ ವಿಳಾಸಕ್ಕೆ ತಿಳಿಸು. ಜಾಗ ಮುಗಿಯಿತು.

ನಿನ್ನ ತಂಗಿ

ಅಂಚಿನಲ್ಲಿ ಇಷ್ಟು ತುರುಕುತ್ತಿದ್ದೇನೆ. ಪಕ್ಕದ ಮನೆಯ ದರ್ಜಿಯಮ್ಮ ಈಗಷ್ಟೇ ಬಾಗಿಲಿಗೆ ಬಂದು ಹೇಳಿದರು: “ಏನಮ್ಮಾ, ನಿಮ್ಮಮ್ಮನ್ನ ಮೇಲೇ ಬಿಟ್ಟು ಬಂದ್ರಾ? ಬೆಳಿಗ್ಗೆ ನಿಮ್ಮ ಹಿಂದೇನೇ ಹೋದ್ರಲ್ಲ, ಮುಖ ಥೇಟ್ ನಿಮ್ದೇ. ಕತ್ತಲಾದ್ರೆ ಕೋಟೆ ಗೇಟ್ ಹಾಕ್ತಾರೆ, ಬೇಗ ಹೋಗಿ ಕರ್ಕೊಂಡು ಬನ್ನಿ.”