ಮಗ್ಗ ನಿಂತರೂ ನಿಲ್ಲದ ಕೆಮ್ಮು

ಮುಧೋಳದ ಶೇವಂತಿ ಅಕ್ಕನವರಿಗೆ, ಬನಹಟ್ಟಿಯಿಂದ ನಿಮ್ಮ ತಮ್ಮನ ಹೆಂಡತಿ ನಂದಾ ಮಾಡುವ ನಮಸ್ಕಾರಗಳು.

ಮೊಮ್ಮಗಳು ರಾಧಿಕಾಳನ್ನು ನೀವು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದೀರಿ ಎಂದು ನಿಮ್ಮ ಸೊಸೆ ಫೋನಿನಲ್ಲಿ ಹೇಳಿದಳು. ಕೇಳಿದರೂ ಅಳು ಬರಲಿಲ್ಲ. ನಿಮ್ಮ ತಮ್ಮ ಹೋದ ಮೇಲೆ ನನಗೆ ಯಾವುದೂ ಬರುತ್ತಿಲ್ಲ. ಉಂಡರೆ ಉಂಡೆ, ಮಲಗಿದರೆ ಮಲಗಿದೆ. ಆದರೂ ಇದನ್ನು ಬರೆಯಲೇಬೇಕು.

ಅವರ ರಕ್ತದ ಕ್ಯಾನ್ಸರ್‌ಗೆ ಔಷಧ ಶುರುವಾದಾಗ ಡಾಕ್ಟರು ತಾಕೀತು ಮಾಡಿದ್ದರು: "ಇವರ ಮೈಯಾಗ ತಾಕತ್ತಿಲ್ಲರೀ. ನಿಮಗ ಬರೇ ನೆಗಡಿ ಆದ್ರ ಇವರಿಗೆ ನ್ಯುಮೋನಿಯಾ ಆಗ್ತೈತಿ. ಮನಿಯವರೂ ಮಾಸ್ಕ್ ಹಾಕ್ಕೋರಿ." ಅಂದಿನಿಂದ ನಾನು ಹೊಸ್ತಿಲಲ್ಲಿ ಕಾವಲು ನಿಂತೆ. ಮಾತಾಡಿಸಲು ಬಂದ ಬೀಗರನ್ನೂ ಚಹಾ ಕೊಡದೆ ಕಳಿಸಿದೆ. ಗಯ್ಯಾಳಿ ಎನ್ನಿಸಿಕೊಂಡೆ. ಎನ್ನಲಿ, ಗಂಡ ಉಳಿದರೆ ಸಾಕಿತ್ತು.

ನಾಗರ ಪಂಚಮಿಗೆ ನೀವು ಎಳ್ಳಿನ ಉಂಡಿ ಕಟ್ಟಿಕೊಂಡು ಬಂದಿರಿ. ಆಟೋದಲ್ಲಿ ಕುಳಿತಿದ್ದ ರಾಧಿಕಾಳ ಮೂಗು ಸೋರುತ್ತಿತ್ತು. ಕೂಸು ಕೆಳಗಿಳಿಯುವ ಮೊದಲೇ ನಿಮ್ಮನ್ನು ತವರಿನ ಬಾಗಿಲಿನಿಂದ ತಿರುಗಿಸಿದೆ. "ನಾ ಏನ್ ಹೊರಗಿನಾಕಿ ಏನ ನಂದಾ?" ಎಂದಿರಿ. ನಾಲ್ಕನೇ ದಿನ ಅವರಿಗೆ ಜ್ವರ. ಹನ್ನೊಂದು ದಿನ ಆಸ್ಪತ್ರೆ. ಆಮೇಲೆ ಮಣ್ಣು.

ಮಣ್ಣಿಗೆ ಬಂದವರು, "ಮೂಗ ಸೋರು ಕೂಸಿನ್ನ ತಗೊಂಡು ಶೇವಂತಿ ಬಂದು ಹೋಗಿದ್ಲಲ್ಲ" ಎಂದು ಗುಸುಗುಸು ಮಾಡಿದರು. ನೀವು ನನ್ನ ಕೈ ಹಿಡಿದು, "ನಾನ ತಿಂದ್ನೇನವ್ವಾ ನನ್ನ ತಮ್ಮನ್ನ?" ಎಂದಿರಿ. ನಾನು ಸುಮ್ಮನೆ ಕುಳಿತಿದ್ದೆ. ದುಃಖಕ್ಕೆ ಮಾತು ಹೋಗಿದೆ ಎಂದು ಎಲ್ಲರೂ ತಿಳಿದರು.

ಅಲ್ಲ ಅಕ್ಕಾ. ಪಂಚಮಿಗೆ ಎರಡು ದಿನ ಮೊದಲೇ ನನಗೆ ಕೆಮ್ಮು ಹತ್ತಿತ್ತು, ಮೈಯೂ ಬೆಚ್ಚಗಿತ್ತು. ನೇಕಾರರ ಮನೆಯಲ್ಲಿ ಕೆಮ್ಮನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನೂಲಿನ ಧೂಳು ಎಂದುಕೊಂಡೆ. ಊರಿಗೆಲ್ಲ ಮಾಸ್ಕ್ ಹಾಕಿಸಿದವಳು, ನಾನು ಮಾತ್ರ ಬರಿ ಮುಖದಲ್ಲಿ ಅವರಿಗೆ ಅನ್ನ ಕಲಸಿ ಉಣ್ಣಿಸಿದೆ. ಮಗ್ಗ ನಿಂತ ಮರುದಿನ ನನ್ನ ಕೆಮ್ಮು ತಾನಾಗಿ ನಿಲ್ಲುತ್ತದೆ, ನಿಮಗೂ ಗೊತ್ತು. ಹಬ್ಬಕ್ಕೆಂದು ಮೂರು ದಿನ ಮಗ್ಗ ನಿಂತಿತ್ತು. ಕೆಮ್ಮು ನಿಲ್ಲಲಿಲ್ಲ. ಆಗಲೇ ನನಗೆ ತಿಳಿದಿತ್ತು. ಹೇಳಿದರೆ ಅವರ ಪಕ್ಕದಿಂದ ನನ್ನನ್ನು ಎಬ್ಬಿಸಿಬಿಡುತ್ತಾರೆಂದು ಹೇಳಲಿಲ್ಲ.

ಈ ಪತ್ರವನ್ನು ನೀವೊಬ್ಬರೇ ಓದಿ ಮಡಚಿಡಬೇಡಿ. ಅವರ ವರ್ಷದ ಕಾರ್ಯಕ್ಕೆ ಬಳಗವೆಲ್ಲ ಕೂಡುತ್ತದೆ. ಆಗ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ. ನಾನೂ ಅಲ್ಲೇ ಕುಳಿತಿರುತ್ತೇನೆ.

ನಿಮ್ಮ ಮಡಿಲು ತಣ್ಣಗಿರಲಿ.

ಇಂತಿ,
ಬಾಗಿಲು ಕಾಯಲು ಬಾರದ
ನಂದಾ