ಕೆಂದಿಯ ಗಂಟೆ

ಮನ್ಮನೆ
ತಾ. ೧೭-೨-೧೯೬೩, ಭಾನುವಾರ

ಶ್ರೀಮದ್ ಯಲ್ಲಾಪುರ ನಾಟಾ ಡಿಪೋ ಸಿಂಹಾಸನಾಧೀಶ್ವರ, ಸಾಗವಾನಿ ದಿಮ್ಮಿಗಳ ಸಾರ್ವಭೌಮ, ಬೀಡಿ ಬಿಟ್ಟೆನೆಂದು ಮೂರು ಸಲ ಆಣೆಯಿಟ್ಟು ಮೂರು ಸಲವೂ ಸೇದಿದ ಸತ್ಯಸಂಧ, ನನ್ನ ಏಕಮಾತ್ರ ಅಣ್ಣ ಜಟ್ಟಪ್ಪ ಮಹಾಪ್ರಭುಗಳ ಪಾದಗಳಿಗೆ (ತೊಳೆದಿದ್ದರೆ ಮಾತ್ರ) ತಮ್ಮ ಮಂಜನ ದೀರ್ಘದಂಡ ನಮಸ್ಕಾರ.

ಆರೋಗ್ಯವೇ? ದಿಮ್ಮಿ ಉರುಳಿ ನಿನ್ನ ಕಾಲಿನ ಹೆಬ್ಬೆರಳು ಜಜ್ಜಿತೆಂದು ಬಸ್ಸಿನ ಕಂಡಕ್ಟರ್ ಹೇಳಿದ. ವಾಸಿಯಾಯಿತೆ? ಅವ್ವ ಅರಿಶಿನ ಹಚ್ಚಬೇಕೆಂದು ಬರೆಸಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ. ನಾನು ಗಣಿತದಲ್ಲಿ ಹದಿನಾಲ್ಕು ಅಂಕ ಪಡೆದು ವಂಶದ ಕೀರ್ತಿಯನ್ನು ಇದ್ದಲ್ಲೇ ಉಳಿಸಿದ್ದೇನೆ.

ಈಗ ಸುದ್ದಿ. ನಮ್ಮ ಅಪ್ಪ ಕಲಾವಿದರಾಗಿಬಿಟ್ಟಿದ್ದಾರೆ! ನಗಬೇಡ. ತಂಗಿ ನಾಗಿಯ ಕರ್ಮಾಂತರ ಮುಗಿದು ನಿನ್ನನ್ನು ಮನೆಯಿಂದ ಅಟ್ಟಿದ ವಾರವೇ ಅಪ್ಪ ಉಳಿಯನ್ನೂ ಅಟ್ಟಕ್ಕೆ ಹಾಕಿದ. ನಾಲ್ಕು ವರ್ಷ ದನದ ಕೊರಳಿಗೆ ಒಂದು ಮರದ ಗಂಟೆಯನ್ನೂ ಕೆತ್ತಿಕೊಡಲಿಲ್ಲ. ಈ ದೀಪಾವಳಿ ಕಳೆದ ಮೇಲೆ ಇದ್ದಕ್ಕಿದ್ದಂತೆ ಉಳಿ ಇಳಿಸಿ ಹಲಸಿನ ಮರದಲ್ಲಿ ದನಗಳ ತಲೆ ಕೆತ್ತತೊಡಗಿದ. ಬರೀ ತಲೆ ಮತ್ತು ಕೊರಳು. ನಾಗಿ ಹೋದ ವರ್ಷ ನಮ್ಮ ಕೊಟ್ಟಿಗೆಯಲ್ಲಿದ್ದ ಹನ್ನೆರಡೂ, ಹಂಡ ಎತ್ತಿನ ಮುರಿದ ಕೋಡಿನ ಸಹಿತ. ನಮ್ಮ ಡ್ರಾಯಿಂಗ್ ಮಾಸ್ತರು ಅಂದಾನಪ್ಪನವರು ಹಾವೇರಿ ಕಡೆಯವರು. ನನ್ನ ಮೇಲೆ ದೂರು ಹೇಳಲು ಮನೆಗೆ ಬಂದಿದ್ದರು (ಸೀಮೆಸುಣ್ಣದ ಡಬ್ಬಿಯಲ್ಲಿ ಕಪ್ಪೆ ಇಟ್ಟ ಮಹಾನುಭಾವ ಯಾರೆಂಬುದನ್ನು ಇತಿಹಾಸವೇ ತೀರ್ಮಾನಿಸಲಿ). ಆ ತಲೆಗಳನ್ನು ಕಂಡವರೇ ದೂರು ಮರೆತು ಅಪ್ಪನಿಗೆ, "ಇವನ್ನ ಮಂದಿಗೆ ತೋರಸ್ರಿ, ಹಿಂಗ ಮನ್ಯಾಗ ಇಟ್ಕೊಂಡ್ ಕೂಡಬ್ಯಾಡ್ರಿ" ಎಂದರು. ನಿನ್ನೆ ಸಿದ್ದಾಪುರದಲ್ಲಿ ಒಂದು ಶಾಲೆಯ ಹಾಲಿನಲ್ಲಿ ಪ್ರದರ್ಶನ ಆಯಿತು.

ಕಿಟಕಿಗಳಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿದ್ದರು. ತಲೆಗಳು ಜಂತಿಯಿಂದ ದನದೆತ್ತರಕ್ಕೆ ತೂಗುತ್ತಿದ್ದವು. ಒಂದೊಂದರ ಕೊರಳಲ್ಲೂ ಅದರದೇ ಹಳೆಯ ಗಂಟೆ, ಗಂಟೆಗೊಂದು ಹಗ್ಗ. ಅಪ್ಪ ಗಂಟೆಯ ಒಳಗನ್ನು ಚೂರೇ ಕೆರೆದು, ಕಿವಿಗೆ ಹಿಡಿದು ಆಡಿಸಿ, ಮತ್ತೆ ಕೆರೆಯುತ್ತಿದ್ದುದು ನಿನಗೆ ನೆನಪಿದೆಯಲ್ಲ. ಒಂದರ ದನಿ ಇನ್ನೊಂದಕ್ಕೆ ಬರಬಾರದು. ಕಾನಿನಲ್ಲಿ ದನ ಕಾಣದಿದ್ದರೂ ಯಾವುದು ಎಲ್ಲಿದೆಯೆಂದು ಕಿವಿಗೆ ತಿಳಿಯಬೇಕು. ಜನ ಕತ್ತಲಲ್ಲಿ ಒಬ್ಬೊಬ್ಬರಾಗಿ ಹಗ್ಗ ಎಳೆದರು. ಅಣ್ಣಾ, ಆ ಹಾಲಿನಲ್ಲಿ ದನ ಮನೆಗೆ ಬರುವ ಹೊತ್ತಾಗಿಬಿಟ್ಟಿತು. ತ್ಯಾಗಲಿಯ ಸುಬ್ಬಜ್ಜಿ "ಬಾ, ಬಾ" ಎಂದು ಕರೆದೇಬಿಟ್ಟಳು, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹುಲ್ಲು ತರ್ಲಾ ಅಜ್ಜಿ?" ಎಂದೆ ನಾನು. ಯಾರೂ ನಗಲಿಲ್ಲ.

ಹನ್ನೆರಡನೆಯದು ಕೆಂದಿ, ನಾಗಿಯ ಕೆಂದಿ. ಹಗ್ಗ ಎಳೆದರೆ ಸದ್ದಿಲ್ಲ. ಎಳೆದವರೆಲ್ಲ ಇನ್ನೊಮ್ಮೆ ಎಳೆದು ನೋಡಿದರು. ಕಾರವಾರದಿಂದ ಬಂದಿದ್ದ ಸಾಹೇಬರೊಬ್ಬರು, "ಇದು ಕೆಟ್ಟಿದೆಯೇನಯ್ಯಾ?" ಎಂದರು.

"ಕೆಟ್ಟಿಲ್ಲ ಸಾಯ್ಬ್ರೆ. ಅವತ್ತು ಹಿಂಗೇ ಇತ್ತು" ಎಂದು ಅಪ್ಪ ಗಂಟೆಯನ್ನು ಮಗುಚಿ ತೋರಿಸಿದ. ಒಳಗೆ ಒಣಗಿದ ಮತ್ತಿ ಸೊಪ್ಪು. ಬಿಗಿಯಾಗಿ ತುರುಕಿ, ಬಾಳೆನಾರಿನಿಂದ ಕಟ್ಟಿದ್ದು.

ಉಳಿದದ್ದನ್ನು ಅಪ್ಪ ಬಸ್ಸಿನಲ್ಲಿ ಹೇಳಿದ. ನಾಗಿ ಹೋದ ಆ ಸಂಜೆ ಕೆಂದಿ ತಾನಾಗಿಯೇ ಮನೆಗೆ ಬಂದಾಗ ಗಂಟೆ ಬಿಚ್ಚಿ ನೋಡಿದನಂತೆ. ಅಷ್ಟರಲ್ಲಿ ಕೆಂದಿಯನ್ನು ಹುಡುಕಿಹೋದ ನಾಗಿ ಆ ದನಿಗೆ ಕಿವಿಕೊಟ್ಟು, ಕೇಳದೆ, ಕಾನಿನಲ್ಲಿ ಮುಂದೆ ಮುಂದೆ ಹೋಗಿ ಚಿರೆಕಲ್ಲು ತೆಗೆದ ಹೊಂಡಕ್ಕೆ ಬಿದ್ದಾಗಿತ್ತು. ಎಂಟು ವರ್ಷದ ಹುಡುಗಿ. ನೀನು ದನ ಕಾಯುವುದು ಬಿಟ್ಟು ಮರದಡಿ ಬೀಡಿ ಸೇದುತ್ತ ಮಲಗಿದ್ದೆಯೆಂದು ಅಪ್ಪ ನಿನ್ನನ್ನು ಅಟ್ಟಿದ್ದಲ್ಲ ಅಣ್ಣಾ. ನಿದ್ದೆಗೆ ಅಡ್ಡಿಯಾಗುತ್ತದೆಂದು ಗಂಟೆಯ ಬಾಯಿ ಕಟ್ಟಿದವನು ನೀನೆಂದು. ಅವ್ವನಿಗೂ ಹೇಳದೆ ಆ ಗಂಟೆಯನ್ನು ಅಟ್ಟದ ಮೇಲಿಟ್ಟಿದ್ದ.

"ನಾಕು ವರ್ಷ ಕಾದೆ ಮಂಜ. ಜಟ್ಟ ಬಂದು 'ಹೌದಪ್ಪಾ, ನಾನೇ' ಅಂದ್ರೆ ಸಾಕು. ಬೈಯೂದಿಲ್ಲ. ಕಾಗದ ಬರಿ" ಎಂದ.

ಆ ರಾಜಾಜ್ಞೆಯನ್ನು ಇದರ ಮೂಲಕ ಸನ್ನಿಧಾನಕ್ಕೆ ತಲುಪಿಸಿದ್ದೇನೆ. ಅವ್ವ ಬೆಳಿಗ್ಗೆಯೇ ನಿನ್ನ ಕಂಬಳಿಯನ್ನು ಬಿಸಿಲಿಗೆ ಹಾಕಿದ್ದಾಳೆ. ನಿನ್ನ ಹೆಬ್ಬೆರಳಿಗೆ ನನ್ನ ಪ್ರತ್ಯೇಕ ನಮಸ್ಕಾರ ತಿಳಿಸು.

ಇಂತು ತಮ್ಮ ಪಾದಧೂಳಿ,
ಮಂಜ

ಮರೆತಿದ್ದೆ: ಬಸ್ಸು ಹಾರ್ನ್ ಹೊಡೆಯುತ್ತಿದೆ, ಇದನ್ನು ಕಂಡಕ್ಟರನ ಕೈಗೆ ಕೊಡಬೇಕು. ಅವ್ವನನ್ನು ನೋಡುವ ಆಸೆಗೆ ನೀನು ಬಂದು "ನಾನೇ" ಅಂದುಬಿಡುತ್ತೀ, ನನಗೆ ಗೊತ್ತು. ಅನ್ನಬೇಡ. ಕಣ್ಣು ಮುಚ್ಚಿಕೊಂಡೂ ಕೆಂದಿಯನ್ನು ಹುಡುಕುತ್ತೇನೆಂದು ನಾಗಿ ಜಂಬ ಕೊಚ್ಚಿದ್ದಳು. ಅವತ್ತು ಬೆಳಿಗ್ಗೆ ನಾನೇ ಕೊಟ್ಟಿಗೆಯಲ್ಲಿ ಹಾಸಿದ್ದ ಸೊಪ್ಪನ್ನೇ ತೆಗೆದು ಗಂಟೆಗೆ ತುರುಕಿದೆ, ಸಂಜೆ ನಗೋಣವೆಂದು. ಹನ್ನೊಂದರ ಗದ್ದಲದಲ್ಲಿ ಒಂದು ಇಲ್ಲದ್ದು ನಿನಗೂ ತಿಳಿಯಲಿಲ್ಲ, ಅವಳಿಗೂ. ನಿನ್ನೆ ಬಸ್ಸಿನಲ್ಲಿ ಹೇಳಬೇಕೆಂದು ಬಾಯಿ ತೆರೆದೆ, ಅಪ್ಪ "ನಿದ್ದೆ ಬಂತನಾ?" ಅಂದ. ಹೂಂ ಅಂದೆ. ನೀನು ಅಪ್ಪನಿಗೆ ಕಾಗದ ಬರೆದರೆ ಓದಿ ಹೇಳಬೇಕಾದವನು ನಾನೇ, ಬೇರೆ ಏನಾದರೂ ಓದಿಬಿಡುತ್ತೇನೆ. ಬರೆಯಬೇಡ ಅಣ್ಣಾ. ಬಾ.