ಅಕ್ಕನ ಸ್ವಿಚ್ಚು

ಜೂನ್ 14, ಭಾನುವಾರ

ಒಂದು ಸ್ವಿಚ್ಚು ಇವತ್ತು ಇಡೀ ದಿನ ನನ್ನ ತಲೆ ತಿಂದಿತು.

ಊರೂರು ಸುತ್ತಲು ಕೊಂಡ ಹಳೇ ವ್ಯಾನು ಈಗ ಮನೆಯಾಗಿದೆ. ಅಕ್ಕನ ಗಾಲಿಕುರ್ಚಿ ತಿರುಗುವಷ್ಟು ಜಾಗ ಬಿಟ್ಟು ಮಂಚ, ಅವಳ ಕೈಗೆಟುಕುವ ಎತ್ತರಕ್ಕೆ ಒಲೆ, ಗುಜರಿಯಿಂದ ತಂದ ಮೋಟರಿನಲ್ಲಿ ಏರಿಳಿಯುವ ರ‍್ಯಾಂಪ್. ಎಲ್ಲ ನನ್ನದೇ ಕೈಕೆಲಸ. ದುಡ್ಡು ಸುರಿದು ಮಾಡಿಸಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಬೆಳಿಗ್ಗೆ ಅಕ್ಕನನ್ನು ಹತ್ತಿಸಿ, ಹೊಗಳಿಕೆಗೆ ಕಾದು ನಿಂತೆ.

"ರ‍್ಯಾಂಪ್ ಇಳಿಸೋ ಸ್ವಿಚ್ಚು ಎಲ್ಲಿ?" ಎಂದಳು.

"ಡ್ರೈವರ್ ಸೀಟಿನ ಹತ್ರ. ನಾನೇ ಇಳಿಸ್ತೀನಲ್ಲಕ್ಕಾ."

"ನಿನ್ನ ಮೇಲೇ ಸಿಟ್ಟು ಬಂದ್ರೆ ನಾನು ಇಳಿದು ಹೋಗೋದು ಹೇಗೆ ಕಣೇ?"

ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಮೊದಲೆಲ್ಲ ಜಗಳವಾದರೆ ಬಾಗಿಲು ದಡಾರನೆ ಹಾಕಿಕೊಂಡು ಹೊರಟೇಬಿಡುತ್ತಿದ್ದಳು. ಅಪಘಾತವಾದ ಮೇಲೆ ಒಮ್ಮೆಯೂ ನನ್ನೊಡನೆ ಜಗಳವಾಡಿಲ್ಲ. ಸ್ವಭಾವ ಮೆತ್ತಗಾಗಿದೆ ಅಂದುಕೊಂಡಿದ್ದೆ.

ಮಧ್ಯಾಹ್ನವೆಲ್ಲ ಕೂತು ವೈರು ಎಳೆದು, ಸ್ವಿಚ್ಚನ್ನು ಬಾಗಿಲ ಪಕ್ಕ ಅವಳ ಮೊಣಕೈ ಎತ್ತರಕ್ಕೆ ಕೂರಿಸಿದೆ. ಹೊರಗಡೆಯೂ ಒಂದು.

ಸಂಜೆ ಪರದೆಯ ಬಣ್ಣದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. "ನಿನ್ನ ಹತ್ರ ಏನು ಮಾತು!" ಎಂದವಳೇ ಸ್ವಿಚ್ಚು ಒತ್ತಿದಳು. ರ‍್ಯಾಂಪ್ ಇಳಿದು, ತಿರುಗಿಯೂ ನೋಡದೆ ಬೀದಿಯ ತುದಿಯವರೆಗೆ ಹೋದಳು. ನಾನು ಹಿಂದೆ ಓಡಲಿಲ್ಲ. ಸಿಟ್ಟು ತಣ್ಣಗಾದ ಮೇಲೆ ಹೊರಗಿನ ಸ್ವಿಚ್ಚು ಒತ್ತಿ ತಾನೇ ಹತ್ತಿ ಬಂದಳು. ಮೋಟರು ಒಂಚೂರೂ ಕಿರುಗುಟ್ಟಲಿಲ್ಲ.

ಕಣ್ಣು ಎಳೆಯುತ್ತಿದೆ. ಪರದೆ ಮಾತ್ರ ಹಸಿರೇ ಆಗಬೇಕು, ನಾಳೆ ಬಿಡುವುದಿಲ್ಲ. ಇನ್ನು ಅವಳೊಡನೆ ಧಾರಾಳವಾಗಿ ಜಗಳವಾಡಬಹುದು.